ಆಂಜಿನಪ್ಪ ಕಾಯುತ್ತಾನೆ

"ಅಮಾಸೆ ಕಳೀತಿದ್ದಂಗೆ ಈಳ್ಯದ ಶಾಸ್ತ್ರ ಅಂತೆ ಕಣೇ! ಕ್ಯಾಸಂಬಳ್ಳಿ ಎಣ್ಣು! ನಿನ್ ಆಂಜಿನಪ್ಪಂಗೆ!"

ಗೆಳತಿ ಓಬಳಮ್ಮ ಇದನ್ನು ಹೇಳಿದ್ದು ಓಡುವ ರೈಲಿನಲ್ಲಿ, ಬಾಯಿ ತುಂಬ ಇಡ್ಲಿ ಇಟ್ಟುಕೊಂಡು. ಬಂಗಾರಪೇಟೆ ಬಿಟ್ಟ ರೈಲು ಚಿನ್ನದ ಗಣಿಯ ಕಡೆಗೆ ಏದುಸಿರು ಬಿಡುತ್ತಾ ಹೋಗುತ್ತಿತ್ತು. ಕಿಟಕಿ ಪಕ್ಕ ಕೂತು ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದ ಮುತ್ಯಾಲಮ್ಮನ ಕೈ ಅಲ್ಲೇ ನಿಂತಿತು.

"ಯಾವ ಆಂಜಿನಪ್ಪ?"

"ಅಯ್ಯ, ಎಷ್ಟ್ ಜನ ಔರೆ ನಿಂಗೆ? ನಿಮ್ಮನೆ ಎದುರ್ಗಡೆ ಸುಬ್ಬಲಕ್ಷ್ಮಮ್ಮನ ಮಗ. ಗಣಿ ಲ್ಯಾಂಪ್ ರೂಮ್ನಾಗೆ ಕೆಲ್ಸ ಮಾಡೋನು. ನಮ್ ಚಿಕ್ಕಮ್ಮನ ಮನೆ ಪಕ್ಕದ್ದೇ ಎಣ್ಣು, ವೆಂಕಟರಾಯಪ್ಪನ ಮಗ್ಳು. ನಿನ್ನೆ ತಾಯಿ ಮಗ ಇಬ್ರೂ ಓಗಿ ನೋಡ್ಕಂಡು, ಎಳ್ಳುಂಡೆ ತಿಂದ್ಕಂಡು ಬಂದವ್ರೆ."

"ನಿನ್ನೆ ಯಾವೊತ್ನಾಗೆ?"

"ಮದ್ಯಾನದ ಮೇಲೆ. ಯಾಕೆ?"

ಮುತ್ಯಾಲು ಕಿಟಕಿಯ ಕಂಬಿಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆ ಒಂದು ಚಟ್ ಎಂದಿತು.

ನಿನ್ನೆ ಮಧ್ಯಾಹ್ನದ ಮೇಲೆ ಅವಳು ಬಂಗಾರಪೇಟೆ ಸ್ಟೇಷನ್ನಿನಲ್ಲಿದ್ದಳು. ಗಿಳಿಹಸಿರು ಸೀರೆ ಉಟ್ಟು, ದೊಡ್ಡ ಗಡಿಯಾರದ ಕೆಳಗೆ. ಅವಳ ಅಪ್ಪ ಕೋದಂಡಪ್ಪ ಅಲ್ಲೇ ಹಳಿ ಬದಲಿಸುವ ಪಾಯಿಂಟ್ಸ್‌ಮನ್. "ನಿಮ್ಮಪ್ಪನ ಡ್ಯೂಟಿ ಮುಗೀತಿದ್ದಂಗೆ ಬಂದು ನಿನ್ನ ಕೇಳ್ತೀನಿ, ನೀನೂ ಅಲ್ಲೇ ಇರು," ಎಂದಿದ್ದ ಆಂಜಿನಪ್ಪ. ಹುಡುಗಿ ನಾಚುತ್ತಾ ಅಪ್ಪನಿಗೆ ಅಷ್ಟನ್ನು ಹೇಳಿದ್ದಳು. ಅಪ್ಪ ಸ್ಟೇಷನ್ ನಲ್ಲಿಯಲ್ಲಿ ಮುಖ ತೊಳೆದು, ಹೊಸದಾಗಿ ಗಡ್ಡ ಹೆರೆಸಿಕೊಂಡು, ಖಾಕಿ ಕೋಟಿನ ಗುಂಡಿಯನ್ನು ಗಂಟಲವರೆಗೂ ಹಾಕಿಕೊಂಡು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದ. ಟೀ ಮಾರುವ ಕುಪ್ಪುಸ್ವಾಮಿಗೂ ಹೇಳಿಬಿಟ್ಟಿದ್ದ, "ಇವತ್ತು ನಮ್ ಮಗೀನ ಕೇಳಾಕೆ ಬತ್ತವ್ರೆ."

ಮದ್ರಾಸಿನ ರೈಲು ಬಂತು, ಹೋಯಿತು. ಗಣಿಯ ರೈಲುಗಳು ಬಂದವು, ಹೋದವು. ಕುಪ್ಪುಸ್ವಾಮಿ ಒಮ್ಮೆ ನಕ್ಕ, ಇನ್ನೊಮ್ಮೆ ನಗಲಿಲ್ಲ. ಪ್ಲಾಟ್‌ಫಾರಂ ದೀಪ ಹತ್ತಿದಾಗ ಅಪ್ಪ ಕೋಟಿನ ಮೇಲಿನ ಗುಂಡಿ ಬಿಚ್ಚಿ, "ಏನೋ ಕೆಲ್ಸ ಬಿದ್ದಿರ್ತದೆ ಮಗಾ, ನಡಿ," ಎಂದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ಆ ಹೊತ್ತಿಗೆ ಅವನು ಎಳ್ಳುಂಡೆ ತಿನ್ನುತ್ತಿದ್ದ.

"ಓಬಳೂ, ಅವನ್ನ ನಾನು ಸುಮ್ನೆ ಬಿಡಲ್ಲ," ಎಂದಳು ಮುತ್ಯಾಲು.

"ಏನ್ ಮಾಡ್ತೀಯೇ?"

"ಗೊತ್ತಿಲ್ಲ. ಅಂಗೇ ನಿಲ್ಸಿ, ಊರೆಲ್ಲಾ ನೋಡೋಂಗೆ, ಕಾಯಿಸ್ತೀನಿ."

ಅವನು ಅಷ್ಟು ಸುಲಭವಾಗಿ ಬಿಟ್ಟುಹೋಗುವವನ ಹಾಗೆ ಕಾಣುತ್ತಲೂ ಇರಲಿಲ್ಲ, ಅದೇ ಮೋಸ. ದಿನಾ ಇದೇ ಡಬ್ಬಿಯಲ್ಲಿ ಎದುರು ಸೀಟು, ಇವತ್ತು ಮಾತ್ರ ಅದು ಖಾಲಿ. ಲ್ಯಾಂಪ್ ರೂಮಿನಲ್ಲಿ ಗಣಿಗಿಳಿಯುವವರ ತಲೆದೀಪಗಳಿಗೆ ಬ್ಯಾಟರಿ ತುಂಬಿ ತುಂಬಿ, ಆಸಿಡ್ ಸಿಡಿದು ಅವನ ಅಂಗಿ ತುಂಬ ಸಾಸಿವೆ ಕಾಳಿನಂಥ ತೂತು.

"ನಿನ್ ಅಂಗಿ ಜರಡಿ ಆಗದೆ ಕಣಯ್ಯ," ಎಂದು ಇವಳು ರೇಗಿಸಿದರೆ, "ಆಗ್ಲಿ ಬಿಡು, ಒಂದೊಂದ್ ತೂತಿನಾಗಿಂದಾನೂ ನಿನ್ನೇ ನೋಡ್ತೀನಿ," ಎನ್ನುತ್ತಿದ್ದ. ಹೇಳಿ ತಾನೇ ಕೆಂಪಾಗಿ ಕಿಟಕಿಯ ಹೊರಗೆ ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ಗುಡ್ಡಗಳನ್ನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. ಕಿವಿಯ ತುದಿ ಮಾತ್ರ ಇತ್ತ ಕಡೆಯೇ ಇರುತ್ತಿತ್ತು.

ಒಂದು ದಿನ ಅವಳ ತುಟಿ ತಾನೇ ತಾನಾಗಿ ಅಲ್ಲಾಡುವುದನ್ನು ಕಂಡು, "ಏನದು ಮಣಮಣ?" ಎಂದು ಕೇಳಿದ್ದ.

"ಫ್ರೆಂಚು. ವರ್ಬು. ಕಾಯೋದು ಅಂತ. ಜಾತಾಂ ಅಂದ್ರೆ ನಾನು ಕಾಯ್ತೀನಿ. ತು ಆತಾಂ, ನೀನು ಕಾಯ್ತೀಯ. ಇಲಾತಾಂ, ಅವ್ನು ಕಾಯ್ತಾನೆ."

"ಕಾಯ್ತೀನಿ ಅನ್ನೋಕೂ ಕಾಯ್ತಾ ಇವ್ನಿ ಅನ್ನೋಕೂ ಒಂದೇನಾ?"

"ಒಂದೇ."

"ಒಳ್ಳೆ ಭಾಷೆ ಬಿಡು. ಜಾತಾಂ," ಎಂದು ಅವಳ ಕಣ್ಣನ್ನೇ ನೋಡಿಕೊಂಡು ಹೇಳಿದ್ದ. ಅಷ್ಟರಲ್ಲಿ ಊರ್‌ಗಾಂ ಬಂದು ಅವಳು ಕಾನ್ವೆಂಟಿಗೆ ಇಳಿಯಬೇಕಾಯಿತು. ಆ ಇಡೀ ದಿನ ಅವಳಿಗೆ ಲೆಕ್ಕದ ಪಾಠ ಒಂದೂ ತಲೆಗೆ ಹತ್ತಿರಲಿಲ್ಲ.

ಸುಳ್ಳ!

ಗಣಿಯ ಇಂಗ್ಲಿಷ್ ದೊರೆಗಳು ಸೀಮೆಗೆ ಹೋಗಿ, ಗಣಿ ಸರ್ಕಾರದ್ದಾಗಿ ಕೆಲವು ವರ್ಷ ಕಳೆದಿತ್ತು. ಅವರ ಬಂಗಲೆಗಳಲ್ಲಿ ಈಗ ಬೇರೆಯವರಿದ್ದರು. ಆದರೆ ಕಾನ್ವೆಂಟಿನ ಸಿಸ್ಟರ್ ಕ್ಲೋತಿಲ್ಡ್ ಮಾತ್ರ ಹೋಗಿರಲಿಲ್ಲ. ಫ್ರಾನ್ಸಿನ ಯಾವುದೋ ಹಳ್ಳಿಯಿಂದ ಬಂದ ಆ ಮುದುಕಿ ಇಂದಿಗೂ ಎಂಟು ಹುಡುಗಿಯರನ್ನು ನಿಲ್ಲಿಸಿಕೊಂಡು ಫ್ರೆಂಚ್ ಕಲಿಸುತ್ತಿದ್ದರು. ಅವರ ಪದ್ಧತಿಯೇ ಬೇರೆ. ಕೂತು ಓದಬಾರದು. ನಿಂತು, ಕೈ ಆಡಿಸಿ, ಕೂಗಿ ಹೇಳಬೇಕು. ನಾನು ಎನ್ನುವಾಗ ಎದೆ ಮುಟ್ಟಿಕೊಳ್ಳಬೇಕು, ನೀನು ಎನ್ನುವಾಗ ಎದುರಿಗೆ ಬೆರಳು ತೋರಬೇಕು, ಅವನು ಎನ್ನುವಾಗ ದೂರಕ್ಕೆ. ನಾವು ಎನ್ನುವಾಗ ಎರಡೂ ಕೈಯಿಂದ ಗಾಳಿಯಲ್ಲಿ ದೊಡ್ಡ ಸುತ್ತು ಬರೆಯಬೇಕು. ಅವರು ಎಂದಾಗ ಏನನ್ನೋ ಎಸೆಯುವವರಂತೆ ಕೈ ಬೀಸಬೇಕು.

ಅಂದು ಮುತ್ಯಾಲು ಹೇಳಿದ ರೀತಿಗೆ ಸಿಸ್ಟರ್ ಕನ್ನಡಕ ತೆಗೆದರು.

"ಮುತ್ಯಾಲಮ್ಮಾ, ಇದು ಬಹಳ ಸಾಧು ವರ್ಬು. ನೀನು ಯಾರನ್ನೋ ಕೊಲ್ಲುವಂತೆ ಹೇಳುತ್ತಿದ್ದೀಯ."

"ಕೊಲ್ಲಲ್ಲ ಸಿಸ್ಟರ್. ಕಾಯಿಸ್ತೀನಿ ಅಷ್ಟೇ."

ಹುಡುಗಿಯರು ಕಿಸಕ್ಕೆಂದರು. ಸಿಸ್ಟರ್ ನಗಲಿಲ್ಲ. "ಒಳ್ಳೆಯದು. ಹಾಗಿದ್ದರೆ ಒಬ್ಬ ಮನುಷ್ಯನ ಹೆಸರು ಹಿಡಿದು ಈ ವರ್ಬಿನಲ್ಲಿ ವಾಕ್ಯ ಮಾಡು. ದಿನಾ ಬೆಳಿಗ್ಗೆ ಗಟ್ಟಿಯಾಗಿ ಹೇಳು. ಕೋಪ ಇದ್ದರೆ ಉಚ್ಚಾರ ಚೆನ್ನಾಗಿ ಬರುತ್ತದೆ," ಎಂದರು.

ಯಾರ ಹೆಸರು ಹಿಡಿಯಬೇಕೆಂದು ಮುತ್ಯಾಲು ಯೋಚಿಸಲೇ ಇಲ್ಲ.

ಮರುದಿನ ಬೆಳಿಗ್ಗೆ ಎದ್ದವಳೇ ಬಾಗಿಲ ಮುಂದಿನ ಕಲ್ಲಿನ ಮೇಲೆ ನಿಂತಳು. ತಲೆಗೆ ನೀರು ಹಾಕಿಕೊಂಡು ಕೂದಲು ಬಿಟ್ಟಿದ್ದಳು. ಎದುರಿಗೆ ಆಂಜಿನಪ್ಪನ ಮನೆಯ ಬಾಗಿಲು.

"ಜಾತಾಂ!" ಎದೆ ಮುಟ್ಟಿಕೊಂಡಳು. "ತು ಆತಾಂ!" ಬೆರಳು ನೇರ ಆ ಬಾಗಿಲಿಗೆ. "ನೂ ಜಾತಾಂದೋಂ!" ಗಾಳಿಯಲ್ಲಿ ಸುತ್ತು. "ವೂ ಜಾತಾಂದೇ! ಇಲ್ ಜಾತಾಂದ್!" ಕೈ ಬೀಸಿ ಎಸೆದಳು. ಆಮೇಲೆ ವಾಕ್ಯಗಳು, ಅವೂ ಫ್ರೆಂಚಿನಲ್ಲೇ. ಆಂಜಿನಪ್ಪ ರೈಲಿಗೆ ಕಾಯುತ್ತಾನೆ. ಆಂಜಿನಪ್ಪ ಬಿಸಿಲಲ್ಲಿ ಕಾಯುತ್ತಾನೆ. ಆಂಜಿನಪ್ಪ ಚಪ್ಪಲಿ ಇಲ್ಲದೆ ಕಾಯುತ್ತಾನೆ. ರೈಲು ಬರುವುದಿಲ್ಲ, ಆಂಜಿನಪ್ಪ ಕಾಯುತ್ತಾನೆ. ಹೇಳುತ್ತಾ ಹೇಳುತ್ತಾ ಒಳಗೆ ಏನೋ ತಣ್ಣಗಾಗುತ್ತಿತ್ತು, ಗಾಯಕ್ಕೆ ಐಸ್ ಇಟ್ಟ ಹಾಗೆ.

ಎದುರುಮನೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಸುಬ್ಬಲಕ್ಷ್ಮಮ್ಮನ ಕಿವಿಗೆ ಬಿದ್ದದ್ದು ಒಂದೇ: ಆಂಜಿನಪ್ಪ ಆತಾಂ. ಆಂಜಿನಪ್ಪ ಆತಾಂ. ಆಂಜಿನಪ್ಪ ಆತಾಂ.

ಆಕೆ ತಲೆ ಎತ್ತಿ ನೋಡಿದಳು. ಬಿಟ್ಟ ಕೂದಲು, ತನ್ನ ಬಾಗಿಲಿಗೆ ಗುರಿಯಿಟ್ಟ ಬೆರಳು. ಅದೇ ಗಳಿಗೆಗೆ ಹಸು ಒದ್ದು ಹಾಲಿನ ಚೊಂಬು ಚರಂಡಿಗೆ ಉರುಳಿತು.

ಸಂಜೆಗೆ ಆಂಜಿನಪ್ಪನಿಗೆ ಚಳಿಜ್ವರ ಬಂತು.

ಇನ್ನು ಕೇಳಬೇಕೇ? ಎರಡು ದಿನದಲ್ಲಿ ಸುದ್ದಿ ಬೀದಿ ದಾಟಿ, ಬಸ್ ಹತ್ತಿ, ಕ್ಯಾಸಂಬಳ್ಳಿ ಮುಟ್ಟಿತು. ಕೋದಂಡಪ್ಪನ ಮಗಳು ಮಾಟ ಕಲಿತಿದ್ದಾಳೆ. ಯಾವ ದೇಶದ್ದೋ ಮಾಟ, ಇಲ್ಲಿಯ ಪೂಜಾರಿಗೂ ಅರ್ಥ ಆಗುವುದಿಲ್ಲ. ಹೆಣ್ಣಿನ ತಂದೆ ವೆಂಕಟರಾಯಪ್ಪ ಹೇಳಿ ಕಳಿಸಿದ, "ಮೊದ್ಲು ಅದನ್ನ ತೆಗೆಸ್ಕಳ್ಳಿ. ಆಮೇಲೆ ಈಳ್ಯದ ಮಾತು."

ಮುತ್ಯಾಲುವಿಗೆ ಮೊದಲು ಹಬ್ಬದಂತಿತ್ತು. ನಲ್ಲಿಯ ಹತ್ತಿರ ಹೋದರೆ ಹೆಂಗಸರು ಸರಿದು ದಾರಿ ಬಿಡುತ್ತಿದ್ದರು. ಬಿಂದಿಗೆ ತಾನಾಗಿ ಮೊದಲು ತುಂಬುತ್ತಿತ್ತು. "ನೀವು ಓಗಿ ತಾಯೀ," ಎನ್ನುತ್ತಿದ್ದ ಧ್ವನಿಯಲ್ಲಿ ನಡುಕ. ಅವಳು ಬೇಕೆಂದೇ ಕಣ್ಣು ದೊಡ್ಡದು ಮಾಡಿ ಒಂದೆರಡು ಸಲ "ಆತಾಂ" ಎಂದಳು ಕೂಡ.

ಮೂರನೆಯ ದಿನ ಸ್ಟೇಷನ್ನಿಗೆ ಹೋದಾಗ ಕುಪ್ಪುಸ್ವಾಮಿ ಅಪ್ಪನಿಗೆ ಟೀಯನ್ನು ಕೈಗೆ ಕೊಡದೆ ಬೆಂಚಿನ ಮೇಲಿಟ್ಟು ಹಿಂದೆ ಸರಿದದ್ದು ಕಂಡಿತು. ಅಪ್ಪ ಲೋಟ ಎತ್ತಿಕೊಂಡು ಅವಳ ಕಡೆ ನೋಡಿ ನಕ್ಕ. ಆ ನಗುವಿಗಿಂತ ಮುಖಕ್ಕೆ ಹೊಡೆದಿದ್ದರೆ ವಾಸಿಯಿತ್ತು.

ತನ್ನ ಸೇಡು ದಾರಿ ತಪ್ಪಿ ಅಪ್ಪನ ಲೋಟದವರೆಗೂ ಬಂದಿತ್ತು. ಮಾಟಗಾತಿಯನ್ನು ಇನ್ನು ಯಾರು ತಾನೇ ಮದುವೆಯಾದಾರು? ಅವನಂತೂ ಜ್ವರ ಬಿಟ್ಟು ಎದ್ದು, ಕ್ಯಾಸಂಬಳ್ಳಿಯ ಹುಡುಗಿಗೆ ತಾಳಿ ಕಟ್ಟುತ್ತಾನೆ. 

ಆ ಸಂಜೆಯೇ ಸುಬ್ಬಲಕ್ಷ್ಮಮ್ಮ ತೆಂಗಿನಕಾಯಿ ಹಿಡಿದು ಬಂದಳು. ಹೊಸಿಲು ದಾಟಲಿಲ್ಲ.

"ತಾಯೀ ಮುತ್ಯಾಲೂ, ತಪ್ಪಾಯ್ತು. ಅವ್ನು ನಿಮ್ಮಪ್ಪನ ತಾವ ಬತ್ತೀನಿ ಅಂದ. ನಾನೇ ಬಾವಿ ಕಟ್ಟೆ ಮೇಲೆ ನಿಂತ್ಕಂಡು, ಓದ್ರೆ ಬೀಳ್ತೀನಿ ಅಂದೆ. ಎಳ್ಕಂಡು ಕ್ಯಾಸಂಬಳ್ಳಿಗೆ ಓದೆ. ನಂಗೇನಾರ ಮಾಡು. ನನ್ ಮಗನ ಮೇಲಿಂದ ತೆಗೆದ್ಬಿಡವ್ವ."

ಇದು ಮಾಟ ಅಲ್ಲ, ಪರೀಕ್ಷೆಗೆ ಓದಿದ್ದು ಎಂದು ಹೇಳಲು ಮುತ್ಯಾಲು ಬಾಯಿ ತೆರೆದಳು. ಗಂಟಲವರೆಗೂ ಗುಂಡಿ ಹಾಕಿದ ಖಾಕಿ ಕೋಟು ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿದಳು.

"ತೆಗೀತೀನಿ," ಎಂದಳು ನಿಧಾನವಾಗಿ. "ನಾಳೆ ಅವ್ನು ಸ್ಟೇಷನ್ನಾಗೆ ದೊಡ್ಡ ಗಡಿಯಾರದ ಕೆಳ್ಗೆ ನಿಂತ್ಕಬೇಕು. ಬರಿಗಾಲು. ಕಿವಿಗೆ ಬೇವಿನ ಸೊಪ್ಪು, ಕೈನಾಗೆ ನಿಂಬೆಹಣ್ಣು. ಮದ್ಯಾನದಿಂದ ದೀಪ ಹತ್ತೋಗಂಟ. ಬಂದೋರ್ಗೆ ಓದೋರ್ಗೆಲ್ಲಾ ಕೇಳೋಂಗೆ ಮಂತ್ರ ಅವ್ನೇ ಏಳ್ಬೇಕು."

"ಅವನ್ಗೆಲ್ಲಿ ಬತ್ತದವ್ವ ಮಂತ್ರ?"

"ಬತ್ತದೆ. ಕೇಳಿ ನೋಡಿ."

ರಾತ್ರಿ ಓಬಳಮ್ಮ ಬಂದು ಬೈದಳು. "ನಿಂಗೆ ತಲೆ ಕೆಟ್ಟದಾ? ಅವನ್ಗೆ ಅದು ಫ್ರೆಂಚು ಅಂತ ಗೊತ್ತು. ಅಮ್ಮಂಗೆ ಏಳಿ ಒಂದ್ ನಗು ನಕ್ರೆ ಮುಗೀತು, ನೀನೇ ಊರಿಗೆಲ್ಲಾ ಜೋಕು. ಅಕಸ್ಮಾತ್ ನಿಂತಾನೇ ಅಂತಿಟ್ಕೋ, ಮಾಟ ಓಯ್ತು ಅಂತ ವೆಂಕಟರಾಯಪ್ಪ ಈಳ್ಯ ಕೊಡ್ತಾನೆ. ಎರಡ್ರಾಗೂ ನಿಂಗೆ ನಷ್ಟಾನೇ!"

"ಗೊತ್ತು."

"ಮತ್ತೆ?"

"ಅವ್ನು ನಿಂತಿರೋದನ್ನ ಒಂದ್ಸಲ ನೋಡ್ಬೇಕು ಓಬಳೂ. ಆಮೇಲೆ ಏನಾರ ಆಗ್ಲಿ."

ಮರುದಿನ ಮಧ್ಯಾಹ್ನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲಿಗೆ ಬಂದವರಿಗಿಂತ ಸುಮ್ಮನೆ ಬಂದವರೇ ಹೆಚ್ಚು. ಬಟಾಣಿ ಮಾರುವವನ ಬುಟ್ಟಿ ಆಗಲೇ ಅರ್ಧ ಖಾಲಿ. ಕ್ಯಾಸಂಬಳ್ಳಿಯಿಂದ ಬಿಳಿ ಪಂಚೆಯ ವೆಂಕಟರಾಯಪ್ಪ ಸ್ವಂತ ಕಣ್ಣಿನಿಂದ ನೋಡಿಹೋಗಲು ಬಂದಿದ್ದ. ಮುತ್ಯಾಲು ಪಾರ್ಸಲ್ ಆಫೀಸಿನ ಕಂಬದ ಹಿಂದೆ ನಿಂತಿದ್ದಳು. ಬರುವುದಿಲ್ಲ ಎಂದು ನೂರು ಸಲ ಅಂದುಕೊಂಡಿದ್ದಳು.

ಅವನು ಬಂದ.

ಜ್ವರದಿಂದ ಮುಖ ಇಳಿದುಹೋಗಿತ್ತು. ಕಿವಿಯ ಹಿಂದೆ ಬೇವಿನ ಸೊಪ್ಪು ಹಕ್ಕಿ ಗರಿಯಂತೆ ಸಿಕ್ಕಿಕೊಂಡಿತ್ತು. ಚಪ್ಪಲಿಯನ್ನು ಅಮ್ಮನ ಕೈಗೆ ಕೊಟ್ಟು, ಕಾದ ಕಲ್ಲಿನ ಮೇಲೆ ಒಮ್ಮೆ ಕುಣಿದು, ಗಡಿಯಾರದ ಕೆಳಗೆ ನಿಂತ. ಯಾರೋ ಸಿಳ್ಳೆ ಹಾಕಿದರು. "ಎನ್ನಾ ಮಾಪ್ಳೇ, ಎಂದ ಊರು ಟ್ರೈನು?" ಯಾವೂರ ರೈಲು ಮದುಮಗಾ, ಎಂದು ತಮಿಳಿನಲ್ಲಿ ಕೂಗಿದರು. ಲ್ಯಾಂಪ್ ರೂಮಿನ ಅವನ ಜೊತೆಗಾರರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅವನು ನಿಂಬೆಹಣ್ಣು ಹಿಡಿದ ಕೈಯನ್ನು ಎದೆಗೆ ಇಟ್ಟುಕೊಂಡ.

"ಜಾತಾಂ," ಎಂದ.

ಜನ ಒಂದು ಹೆಜ್ಜೆ ಹಿಂದೆ ಸರಿದರು.

ಬಿಸಿಲು ಇಳಿಯಿತು. ಮದ್ರಾಸಿನ ರೈಲು ಬಂದು, ಕಿಟಕಿಗಳಲ್ಲಿ ತಲೆಗಳು ತುಂಬಿ, ನಕ್ಕು, ಹೋಯಿತು. ಅವನು ಹೇಳುತ್ತಲೇ ಇದ್ದ. ಜಾತಾಂ, ತು ಆತಾಂ, ಇಲಾತಾಂ. ಮತ್ತೆ ಮೊದಲಿನಿಂದ. ಅಮ್ಮನಿಗೆ ಒಂದು ಮಾತು ಹೇಳಿದ್ದರೆ ಈ ಬಿಸಿಲೂ ಇರಲಿಲ್ಲ, ಈ ನಗುವೂ ಇರಲಿಲ್ಲ. ಅವನು ಹೇಳಲಿಲ್ಲ. ಕಂಬದ ಹಿಂದೆ ನಿಂತವಳು ನಾಲ್ಕು ದಿನದಿಂದ ಆಸೆಪಟ್ಟ ನೋಟ ಇದು. ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಆದರೆ ಅವನ ಪಾದ ಕಲ್ಲಿನ ಮೇಲೆ ಬದಲಾದಾಗಲೆಲ್ಲ ಇವಳ ಕಾಲೂ ತಾನಾಗಿ ಬದಲಾಗುತ್ತಿತ್ತು.

"ಅಷ್ಟೇನಾ ಮಂತ್ರ?" ವೆಂಕಟರಾಯಪ್ಪ ಅನುಮಾನದಿಂದ ಕೇಳಿದ. "ಅವತ್ತು ಆ ಉಡ್ಗಿ ಉದ್ದಕ್ಕೆ ಏಳಿದ್ಲಂತಲ್ಲ? ಅರ್ಧ ಏಳಿದ್ರೆ ಅರ್ಧ ಮಾಟ ಉಳ್ಕಳಲ್ವಾ?"

ಆಂಜಿನಪ್ಪ ತಡವರಿಸಿದ. "ಇಲಾತಾಂ... ಆಮೇಲೆ..." ರೈಲಿನಲ್ಲಿ ಕಲಿತದ್ದು ಅಷ್ಟೇ, ಉಳಿದದ್ದು ಎದುರುಮನೆಯಿಂದ ಕಿವಿಗೆ ಬಿದ್ದ ಚೂರು. ಜನ ಕತ್ತು ಚಾಚಿದರು. "ಆಮೇಲೆ... ನೂ..."

"ನೂ ಜಾತಾಂದೋಂ!" ಕಂಬದ ಹಿಂದಿನಿಂದ ಸಿಟ್ಟಿನ ಧ್ವನಿ ಸಿಡಿಯಿತು. ಅವನು ತಡವರಿಸುವುದನ್ನು ಅವಳಿಂದ ಕೇಳಲಾಗಲಿಲ್ಲ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಪ್ಲಾಟ್‌ಫಾರಮ್ಮಿನ ತಲೆಗಳೆಲ್ಲ ಅತ್ತ ತಿರುಗಿದವು. ಅವಳು ಗಲ್ಲ ಎತ್ತಿಕೊಂಡು ಹೊರಗೆ ಬಂದಳು. ಇನ್ನೇನು ಮಾಡುವುದು?

ಆಂಜಿನಪ್ಪನ ಮುಖದಲ್ಲಿ ಆ ದಿನದ ಮೊದಲ ನಗು ಮೂಡಿತು. "ಅಂದ್ರೇನು?"

"ನಾವು ಕಾಯ್ತೀವಿ ಅಂತ. ನಗ್ಬೇಡ. ನಗೋಕೆ ಏಳಿಲ್ಲ ನಾನು."

"ನಗಲ್ಲ." ಅವನು ಕಿವಿಯ ಸೊಪ್ಪು ತೆಗೆದು ಜನರ ಕಡೆ ತಿರುಗಿದ. ಧ್ವನಿ ನಡುಗುತ್ತಿತ್ತು, ಆದರೆ ದೊಡ್ಡದಾಗಿತ್ತು. "ಎಲ್ರೂ ಕೇಳ್ಸ್ಕಳ್ಳಿ. ಇದು ಮಾಟಾನೂ ಅಲ್ಲ ಮಂತ್ರಾನೂ ಅಲ್ಲ. ಫ್ರೆಂಚು ಪಾಠ. ಕಾಯೋದು ಅಂತ ಅರ್ಥ. ಓದ ಭಾನುವಾರ ನಾನು ಈ ಉಡ್ಗೀನ, ಇವ್ರಪ್ಪನ್ನ, ಇದೇ ಜಾಗ್ದಾಗೆ ಸಂಜೆಗಂಟ ಕಾಯ್ಸ್ದೆ. ಬರ್ತೀನಿ ಅಂದೋನು ಬರ್ಲಿಲ್ಲ. ಏಳೋಕೂ ದಮ್ಮಿರ್ಲಿಲ್ಲ. ಮಾಟ ಮಾಡಿದೋಳು ಅಂತ ಇವ್ಳನ್ನ ಅಂದೋರೆಲ್ಲ ನನ್ನ ಅನ್ನಿ. ಕುಪ್ಪುಸ್ವಾಮೀ, ಕೋದಂಡಪ್ಪನೋರ್ಗೆ ಟೀ ಕೈಗೆ ಕೊಡು."

ಕುಪ್ಪುಸ್ವಾಮಿ ಕೆಟಲ್ ಎತ್ತಿದ.

ವೆಂಕಟರಾಯಪ್ಪ ಪಂಚೆ ಕೊಡವಿಕೊಂಡ. "ಮಾಟ ಆಗಿದ್ರೆ ತೆಗೆಸ್ಬೋದಿತ್ತು," ಎಂದ ಬೇಸರದಿಂದ. "ಇದನ್ನ ಯಾರ್ ತೆಗೀತಾರೆ? ನನ್ ಮಗ್ಳಿಗೆ ಬೇರೆ ಗಂಡು ನೋಡ್ಕತೀನಿ." ಬಸ್ಸಿನ ಕಡೆ ನಡೆದೇಬಿಟ್ಟ.

ಎಲ್ಲರೂ ಸುಬ್ಬಲಕ್ಷ್ಮಮ್ಮನ ಕಡೆ ನೋಡಿದರು. ಆಕೆ ಮಗನ ಚಪ್ಪಲಿಯನ್ನು ಎದೆಗೊತ್ತಿಕೊಂಡು ನಿಂತಿದ್ದಳು.

"ಫ್ರೆಂಚಂತೆ ಫ್ರೆಂಚು!" ಎಂದಳು. "ಎತ್ತ ತಾಯಿ ಕೂಗ್ಕಂಡ್ರೂ ಒಂದ್ ಕೊಡ ನೀರು ಎತ್ಕೊಡ್ದೋನು, ಇವ್ಳು ಏಳಿದ್ಲು ಅಂತ ಜ್ವರದಾಗೆ ಎದ್ಬಂದು ಬಿಸ್ಲಾಗೆ ನಿಂತವ್ನೆ. ಇದು ಮಾಟ ಅಲ್ದೆ ಇನ್ನೇನು? ನನ್ ಕಿವಿಗೆ ಊ ಇಕ್ಬೇಡ." ಆಮೇಲೆ ಕೋದಂಡಪ್ಪನ ಕಡೆ ತಿರುಗಿ, ಸೋತವಳ ಹಾಗಲ್ಲ, ವ್ಯಾಪಾರ ಕುದುರಿಸುವವಳ ಹಾಗೆ ಹೇಳಿದಳು. "ನೋಡಪ್ಪಾ, ಇಂಥೋಳು ಎದುರುಮನೇಲಿದ್ರೆ ಕೊಟ್ಟಿಗೇಲಿ ನನ್ ಅಸು ಉಳಿಯಲ್ಲ, ನಾನೂ ಉಳಿಯಲ್ಲ. ನಮ್ಮನೇಗೇ ಬಂದ್ಬಿಡ್ಲಿ. ನಾಳೆ ಬಂದು ಕೇಳ್ತೀವಿ."

ಕೋದಂಡಪ್ಪ ಟೀ ಗುಟುಕರಿಸಿದ. "ನನ್ನ ಕೇಳ್ಬೇಡಿ ಅಮ್ಮಾ. ಅವ್ಳು ಇನ್ನೂ ಕೋಪ್ದಾಗೌಳೆ."

ಮುತ್ಯಾಲು ನಿಜಕ್ಕೂ ಕೋಪದಲ್ಲಿದ್ದಳು. ಕೋಪ ಇಷ್ಟು ಸಿಹಿಯಾಗಿರುತ್ತದೆಂದು ಅವಳಿಗೆ ಇವತ್ತೇ ಗೊತ್ತಾದದ್ದು. ಅಷ್ಟು ಬೇಗ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಆಂಜಿನಪ್ಪ ಬರಿಗಾಲಿನಲ್ಲಿ ಕುಂಟುತ್ತಾ ಹತ್ತಿರ ಬಂದ. ಇಬ್ಬರ ನಡುವೆ ಒಂದು ನಿಂಬೆಹಣ್ಣಿನಷ್ಟು ಗಾಳಿ.

"ನಾಳೆ ಬರ್ಲಾ?"

"ಬಾ. ಬಾಗ್ಲು ತೆಗೀತೀನಿ ಅಂತ ಮಾತ್ರ ಏಳಲ್ಲ."

"ತೆಗೀದಿದ್ರೆ?"

"ಜಗ್ಲಿ ಐತಲ್ಲ. ಕೂತ್ಕೋ."

"ಎಷ್ಟೊತ್ತು?"

"ನನ್ ಕೋಪ ತೀರೋಗಂಟ."

ಅವನು ಅವಳ ಮುಖವನ್ನು ಒಂದು ಕ್ಷಣ ಅಳೆದು ನೋಡಿದ. "ಅಂಗಾದ್ರೆ ಚಾಪೆ ತತ್ತೀನಿ."

"ದಿಂಬೂ ತಗಂಬಾ," ಎಂದಳು ಮುತ್ಯಾಲು. "ಬೆಳಿಗ್ಗೆ ಎಂಟಕ್ಕೆ."